ಕುದುರೆಗೆ ಬಂದ ಕಣ್ಣೀರು ಮುದುಕಿಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಮುಧೋಳ ತಾಲ್ಲೂಕಿನವಳು, ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದಾಸ್ತೊವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಓದಲು ಹಿಡಿದೆ. ಮೊದಲ ಭಾಗದಲ್ಲಿ ನಾಯಕನಿಗೊಂದು ಕನಸು ಬೀಳುತ್ತದಲ್ಲ, ಕುಡುಕರು ಸೇರಿ ಒಂದು ಬಡಕಲು ಕುದುರೆಯನ್ನು ಬಡಿದು ಬಡಿದು ಕೊಲ್ಲುವುದು, ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ನಮ್ಮ ಅಪ್ಪ ಹಂಗಾಮಿನಲ್ಲಿ ಕಬ್ಬಿನ ಚಕ್ಕಡಿ ಹೊಡೆಯುತ್ತಿದ್ದರು. ಒಮ್ಮೆ ಏರಿನಲ್ಲಿ ಎತ್ತು ಮೊಣಕಾಲೂರಿ ಬಿತ್ತು. ಅಪ್ಪ ಬಾರಕೋಲಿನಿಂದ ಹೊಡೆದದ್ದನ್ನು ನಾನು ನಿಂತು ನೋಡಿದ್ದೆ. ಅದೇ ಕಣ್ಣ ಮುಂದೆ ಬಂತು. ನಮ್ಮ ಅಪ್ಪ ಕೆಟ್ಟವರಲ್ಲ ಸರ್. ಕೆಲವು ದಿನ ಬಿಟ್ಟು ಧೈರ್ಯ ಮಾಡಿ ಮುಂದೆ ಓದಿದೆ. ಮುದುಕಿಯ ಕೊಲೆ ಬಂತು, ಒಂದು ಹನಿ ಕಣ್ಣೀರು ಬರಲಿಲ್ಲ. ಅಷ್ಟೇ ಅಲ್ಲ, ಅವನು ಸಿಕ್ಕಿಬೀಳಬಾರದು ಅಂತಲೂ ಅನ್ನಿಸಿತು! ನನ್ನಲ್ಲೇ ಏನಾದರೂ ತಪ್ಪಿದೆಯೇ? ಇಷ್ಟೊಂದು ಕ್ರೌರ್ಯ ಬರೆಯುವ ಗರಜು ಲೇಖಕನಿಗೆ ಏನಿತ್ತು? ‘ಸಾರಾಂಶ ಓದಿ ಬಿಟ್ಟುಬಿಡು’ ಎನ್ನುತ್ತಾಳೆ ನನ್ನ ಗೆಳತಿ.

ಉತ್ತರ: ತಂಗಿ, ನಿಮ್ಮಲ್ಲಿ ತಪ್ಪೇನೂ ಇಲ್ಲ. ಕುದುರೆಗೆ ಅತ್ತದ್ದು, ಮುದುಕಿಗೆ ಅಳದೆ ಉಳಿದದ್ದು, ಕೊಲೆಗಾರ ಪಾರಾಗಲಿ ಎಂದು ಉಸಿರು ಬಿಗಿಹಿಡಿದದ್ದು, ಮೂರನ್ನೂ ದಾಸ್ತೊವ್ಸ್ಕಿ ನಿಮ್ಮಿಂದ ಬೇಕಂತಲೇ ಮಾಡಿಸಿದ್ದಾನೆ. ಎಷ್ಟೋ ಓದುಗರಿಗೆ ಹೀಗೇ ಆಗುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಹಾಗಂತ ‘ತಪ್ಪಿಲ್ಲ, ಹೋಗಿಬನ್ನಿ’ ಎಂದು ಬೆನ್ನು ತಟ್ಟಿ ಕಳಿಸಿದರೆ ನಿಮ್ಮ ಪತ್ರಕ್ಕೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಕಣ್ಣೀರು ಎಲ್ಲಿ ಬಂತು ಎಂದು ಹೇಳಿ ಸುಮ್ಮನಾಗದೆ, ಎಲ್ಲಿ ಬತ್ತಿತು ಎಂದೂ ಕೇಳಿದ್ದೀರಿ. ನನ್ನ ಉತ್ತರವೆಲ್ಲ ಅದರ ಸುತ್ತಲೇ ಇದೆ.

ಮೊದಲು ಆ ಕನಸನ್ನು ಸಾವಕಾಶ ನೋಡೋಣ. ಪೀಟರ್ಸ್‌ಬರ್ಗ್ ನಗರ. ಓದು ಬಿಟ್ಟ ಬಡ ವಿದ್ಯಾರ್ಥಿ ರಾಸ್ಕೋಲ್ನಿಕೋವ್, ಒತ್ತೆ ಇಟ್ಟುಕೊಂಡು ಬಡ್ಡಿಗೆ ಸಾಲ ಕೊಡುವ ಮುದುಕಿಯನ್ನು ಕೊಲ್ಲುವ ಯೋಚನೆಯಲ್ಲಿದ್ದಾನೆ. ಕೊಲೆಯ ಹಿಂದಿನ ದಿನ ಒಂದಿಷ್ಟು ವೋಡ್ಕಾ ಕುಡಿದು, ಪೊದೆಗಳ ನಡುವೆ ಹುಲ್ಲಿನ ಮೇಲೆ ನಿದ್ದೆಹೋಗುತ್ತಾನೆ. ಕನಸಿನಲ್ಲಿ ಅವನಿಗೆ ಏಳು ವರ್ಷ. ಹಬ್ಬದ ದಿನ, ಅಪ್ಪನ ಕೈ ಹಿಡಿದು ಸ್ಮಶಾನದ ಕಡೆ ನಡೆದಿದ್ದಾನೆ. ಅಲ್ಲಿ ಅಜ್ಜಿಯ ಗೋರಿ ಇದೆ, ಆರು ತಿಂಗಳಿಗೇ ತೀರಿಕೊಂಡ ತಮ್ಮನ ಗೋರಿಯೂ ಇದೆ. ದಾರಿಯಲ್ಲಿ ಹೆಂಡದಂಗಡಿ. ಅದರ ಮುಂದೆ ದೊಡ್ಡ ದೊಡ್ಡ ಕುದುರೆಗಳು ಎಳೆಯಬೇಕಾದ ಭಾರೀ ಗಾಡಿಗೆ ರೈತರ ಮನೆಯ ಒಂದು ಸಣಕಲು ಹೆಣ್ಣುಕುದುರೆಯನ್ನು ಹೂಡಿದ್ದಾರೆ. ಅದರ ಮಾಲೀಕ ಮಿಕೋಲ್ಕ, ದಪ್ಪ ಕುತ್ತಿಗೆ, ಗಜ್ಜರಿಯಂತೆ ಕೆಂಪು ಮುಖ. ಎಲ್ಲರೂ ಹತ್ತಿರಿ, ಇದನ್ನು ನಾಗಾಲೋಟ ಓಡಿಸುತ್ತೇನೆ ಅನ್ನುತ್ತಾನೆ. ಜನ ಹತ್ತುತ್ತಾರೆ. ಒಬ್ಬ ದಪ್ಪ ಹೆಂಗಸು ಗಟ್ಟಿ ಸಿಪ್ಪೆಯ ಬೀಜ ಒಡೆದು ತಿನ್ನುತ್ತ, ನಗುತ್ತ ಕೂತಿದ್ದಾಳೆ. ಮೊದಲು ಚಾಟಿ, ಆಮೇಲೆ ಗಾಡಿಯ ಮೂಕಿಮರ, ಕೊನೆಗೆ ಕಬ್ಬಿಣದ ಹಾರೆ. ಒಬ್ಬ ಮುದುಕ ‘ನಿನ್ನ ಮೈಮೇಲೆ ಶಿಲುಬೆ ಇಲ್ಲವೇನೋ’ ಎಂದು ಗದರಿಸಿದರೆ ಮಿಕೋಲ್ಕ ಕೂಗುವುದು ಒಂದೇ ಮಾತು: ನನ್ನ ಮಾಲು ಇದು, ನನಗೆ ಬೇಕಾದ್ದು ಮಾಡುತ್ತೇನೆ.

ನಮ್ಮ ತರಗತಿಗಳಲ್ಲಿ ಈ ಭಾಗ ಬಂದ ಕೂಡಲೇ ಹುಡುಗರು ‘ಕುದುರೆಯು ಶೋಷಿತ ವರ್ಗದ ಸಂಕೇತ’ ಎಂದು ಬರೆದುಕೊಳ್ಳಲು ಪೆನ್ನು ತೆಗೆಯುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದು ಮೊದಲು ಒಂದು ಕುದುರೆ. ಹೊಡೆತ ಬೀಳುವುದು ಅದರ ಕಣ್ಣುಗಳ ಮೇಲೆ. ಹುಡುಗ ಗುಂಪನ್ನು ಸೀಳಿಕೊಂಡು ಓಡಿಹೋಗಿ, ರಕ್ತ ಸುರಿಯುವ ಅದರ ಮೂತಿಯನ್ನು ತಬ್ಬಿಕೊಂಡು, ಕಣ್ಣಿಗೂ ತುಟಿಗೂ ಮುತ್ತು ಕೊಡುತ್ತಾನೆ. ಸಂಕೇತಕ್ಕೆ ಯಾರೂ ಮುತ್ತು ಕೊಡುವುದಿಲ್ಲ. ಇಡೀ ದೃಶ್ಯವನ್ನು ಲೇಖಕ ಏಳು ವರ್ಷದ ಹುಡುಗನ ಎತ್ತರದಿಂದ ತೋರಿಸುತ್ತಾನೆ. ಅವನು ಕುದುರೆಯ ಮುಖ ಮುಟ್ಟಬಲ್ಲ; ಮಿಕೋಲ್ಕನ ಕೈ ಹಿಡಿಯಲಾರ. ನೀವು ಅತ್ತದ್ದು ಆ ಎತ್ತರದಲ್ಲಿ ನಿಂತು. ನಿಮ್ಮ ಪತ್ರದಲ್ಲಿ ಬರುವ ‘ನಿಂತು ನೋಡಿದ್ದೆ’ ಎನ್ನುವ ಹುಡುಗಿಯ ಎತ್ತರವೂ ಅಷ್ಟೇ ಇದ್ದಿರಬೇಕು.

ಎರಡು ಸಣ್ಣ ಮಾತು ಅಲ್ಲಿ ಬರುತ್ತವೆ, ಅಳುವ ಭರದಲ್ಲಿ ಕಣ್ಣು ತಪ್ಪಿಸುವಂಥವು. ಗುಂಪಿನಲ್ಲಿ ಯಾರೋ ಒಬ್ಬ ‘ಕೊಡಲಿ ತಗೊಂಡು ಒಮ್ಮೆಗೇ ಮುಗಿಸು’ ಎಂದು ಕೂಗುತ್ತಾನೆ. ಮರುದಿನ ರಾಸ್ಕೋಲ್ನಿಕೋವ್ ಎತ್ತಿಕೊಳ್ಳುವುದು ಕೊಡಲಿಯನ್ನೇ. ಇನ್ನೊಂದು, ಅಪ್ಪನ ಮಾತು. ಅಳುವ ಮಗನನ್ನು ಎತ್ತಿಕೊಂಡು ಅವನು ಹೇಳುವುದಿಷ್ಟು: ಕುಡಿದಿದ್ದಾರೆ, ಹುಡುಗಾಟ ಆಡುತ್ತಿದ್ದಾರೆ, ನಮಗೆ ಸಂಬಂಧ ಇಲ್ಲ, ನಡಿ. ‘ನಮಗ್ಯಾಕ ಬೇಕ್ ಬಿಡು’ ಎನ್ನುವ ನಮ್ಮ ಕಡೆಯ ಮಾತು ಅಕ್ಷರಶಃ ಅದೇ. ನನ್ನ ಮಟ್ಟಿಗೆ ಆ ಕನಸಿನಲ್ಲಿ ಅತ್ಯಂತ ಭಯಂಕರವಾದದ್ದು ಹಾರೆಯ ಏಟಿಗಿಂತ ಈ ಮಾತೇ, ಯಾಕೆಂದರೆ ಹೇಳಿದವನು ಒಳ್ಳೆಯವನು.

ಎಚ್ಚರಾದ ಮೇಲೆ ಏನಾಗುತ್ತದೆ? ರಾಸ್ಕೋಲ್ನಿಕೋವ್ ಬೆವತು ನಡುಗುತ್ತ, ‘ದೇವರೇ, ನಾನು ನಿಜಕ್ಕೂ ಕೊಡಲಿ ಹಿಡಿದು ಅವಳ ತಲೆಗೆ ಹೊಡೆಯುತ್ತೇನೆಯೇ’ ಎಂದು ಹೇಸಿಕೊಂಡು ಆ ಯೋಚನೆಯನ್ನೇ ಬಿಟ್ಟುಬಿಡುತ್ತಾನೆ. ಮೈ ಹಗುರಾಗುತ್ತದೆ. ಆಮೇಲೆ ಕಾರಣವಿಲ್ಲದೆ ಸುತ್ತುಹಾದಿ ಹಿಡಿದು ಹೇಮಾರ್ಕೆಟ್ ಚೌಕದ ಮೂಲಕ ಮನೆಗೆ ಹೋಗುತ್ತಾನೆ. ಮರುದಿನ ಸಂಜೆ ಏಳರ ಹೊತ್ತಿಗೆ ಮುದುಕಿ ಒಬ್ಬಳೇ ಇರುತ್ತಾಳೆ ಎನ್ನುವ ಮಾತು ಅಲ್ಲಿ ಅವನ ಕಿವಿಗೆ ಬೀಳುತ್ತದೆ. ಮುಗಿಯಿತು. ಕುದುರೆಗಾಗಿ ನಿಮ್ಮಷ್ಟೇ ಅತ್ತವನು, ಬಹುಶಃ ನಿಮಗಿಂತ ಹೆಚ್ಚು ಅತ್ತವನು, ಒಂದೇ ದಿನದಲ್ಲಿ ಎರಡು ಕೊಲೆ ಮಾಡುತ್ತಾನೆ. ಕರುಣೆ ಬಂದರೆ ಮನುಷ್ಯ ಕೆಟ್ಟದ್ದು ಮಾಡಲಾರ ಎಂದು ನಾವು ನಂಬಿಕೊಂಡಿದ್ದೇವಲ್ಲ, ಆ ನಂಬಿಕೆಗೇ ದಾಸ್ತೊವ್ಸ್ಕಿ ಕೈ ಹಾಕುತ್ತಾನೆ. ಹಾಗಾಗಿ ನಿಮ್ಮ ಅಳು ದುರ್ಬಲತೆ ಅಲ್ಲವೆನ್ನುವುದು ಎಷ್ಟು ಖರೆಯೋ, ಅದು ಒಳ್ಳೆಯತನದ ಸರ್ಟಿಫಿಕೇಟೂ ಅಲ್ಲವೆನ್ನುವುದು ಅಷ್ಟೇ ಖರೆ.

ಈಗ ‘ಬರೆಯುವ ಗರಜು ಏನಿತ್ತು’ ಎಂಬುದಕ್ಕೆ ಬರುತ್ತೇನೆ. 1837ರಲ್ಲಿ, ಹದಿನೈದರ ವಯಸ್ಸಿನಲ್ಲಿ, ದಾಸ್ತೊವ್ಸ್ಕಿ ಅಪ್ಪ ಮತ್ತು ಅಣ್ಣನ ಜೊತೆ ಮಾಸ್ಕೋದಿಂದ ಪೀಟರ್ಸ್‌ಬರ್ಗಿಗೆ ಗಾಡಿಯಲ್ಲಿ ಹೊರಟಿದ್ದ. ದಾರಿಯ ಒಂದು ತಂಗುದಾಣದಲ್ಲಿ ಸರ್ಕಾರಿ ಟಪಾಲಿನ ಅಧಿಕಾರಿಯೊಬ್ಬ ಬಂದಿಳಿದ, ವೋಡ್ಕಾ ಏರಿಸಿದ, ಹೊಸ ಗಾಡಿ ಹತ್ತಿದ. ಹತ್ತಿದವನೇ ಮಾತಿಲ್ಲ ಕತೆಯಿಲ್ಲ, ಮುಷ್ಟಿ ಎತ್ತಿ ಗಾಡಿ ಹೊಡೆಯುವ ಹುಡುಗನ ಹೆಡಕಿಗೆ ಗುದ್ದಿದ. ಹುಡುಗ ಮುಗ್ಗರಿಸಿ, ತನ್ನೆಲ್ಲ ಶಕ್ತಿ ಹಾಕಿ ನಡುವಿನ ಕುದುರೆಗೆ ಚಾಟಿ ಬೀಸಿದ. ಮತ್ತೊಂದು ಗುದ್ದು, ಮತ್ತೊಂದು ಚಾಟಿ. ಗಾಡಿ ಕಣ್ಣಿಗೆ ಮರೆಯಾಗುವವರೆಗೂ ಹಾಗೇ. ಆ ಚಿತ್ರ ಜೀವಮಾನವಿಡೀ ತನ್ನನ್ನು ಬಿಡಲಿಲ್ಲ ಎಂದು ಅವನು 1876ರಲ್ಲಿ ಬರೆದ. ಮನುಷ್ಯನ ಮೇಲೆ ಬಿದ್ದ ಒಂದೊಂದು ಏಟಿನಿಂದಲೂ ಪ್ರಾಣಿಯ ಮೇಲಿನ ಏಟು ತಾನಾಗಿ ಚಿಮ್ಮುತ್ತಿತ್ತು, ಆ ಹುಡುಗ ಮನೆಗೆ ಹೋಗಿ ಹೆಂಡತಿಯನ್ನೂ ಹೊಡೆದಿರಬಹುದು ಎನ್ನುವುದು ಅವನ ತರ್ಕ. ಈ ಕಾದಂಬರಿಯ ಟಿಪ್ಪಣಿ ಪುಸ್ತಕದಲ್ಲೂ ಕುದುರೆ ಮತ್ತು ಆ ಅಧಿಕಾರಿಯ ಪ್ರಸ್ತಾಪ ಇದೆ. ಕಾದಂಬರಿ ಅಚ್ಚಾದದ್ದು 1866ರಲ್ಲಿ. ರಷ್ಯಾದ ಪ್ರಾಣಿದಯಾ ಸಂಘ ಶುರುವಾದದ್ದು ಅದಕ್ಕೆ ಒಂದು ವರ್ಷ ಮೊದಲು. ಹೀಗಾಗಿ ಓದುಗರನ್ನು ಬೆಚ್ಚಿಬೀಳಿಸಲು ಕೂತು ಹೆಣೆದ ದೃಶ್ಯ ಇದಲ್ಲ. ಅವನ ಮೇಲೆ ಹಳೆಯ ಬಾಕಿಯಾಗಿ ಉಳಿದಿದ್ದ ಚಿತ್ರ.

ನಿಮ್ಮ ಅಪ್ಪನ ಮಾತು ಇಲ್ಲೇ ಬರಬೇಕು. ಅವರು ಕೆಟ್ಟವರಲ್ಲ ಎಂದು ನೀವು ಯಾರೂ ಕೇಳದಿದ್ದರೂ ಹೇಳಿದ್ದೀರಿ, ನಾನು ನಂಬುತ್ತೇನೆ. ಮಿಕೋಲ್ಕನಿಗೆ ಆ ಗಾಡಿ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಅವನದು ಮೋಜು. ಕಬ್ಬಿನ ಗಾಡಿ ಹೊಡೆಯುವವರ ಪಾಡು ಬೇರೆ. ಘಟಪ್ರಭೆಯ ದಂಡೆಯಲ್ಲಿ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಗೋಕಾಕ ದಾರಿಗಳ ಮೇಲೆ ಆ ಗಾಡಿಗಳನ್ನು ಕಾಣದವರಿಲ್ಲ. ಹೊರೆ ನೊಗಕ್ಕಿಂತ ಎರಡಾಳು ಎತ್ತರ, ಎತ್ತಿನ ಬಾಯಲ್ಲಿ ನೊರೆ. ಮುಂಗಡ ಈಸಿಕೊಂಡದ್ದು ತೀರಬೇಕು, ಟನ್ನಿನ ಲೆಕ್ಕದ ಮೇಲೆ ದುಡ್ಡು, ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ, ಕಾಟಾದ ಮುಂದೆ ಆಗಲೇ ಸಾಲು ಹಚ್ಚಿದೆ. ಏರಿನಲ್ಲಿ ಎತ್ತು ಬಿದ್ದರೆ ಹಿಂದಿನ ಗಾಡಿಯವರ ಬೈಗುಳ ಬೇರೆ. ನಿಮ್ಮ ಅಪ್ಪನ ಹೆಡಕಿಗೆ ಗುದ್ದುತ್ತಿದ್ದ ಮುಷ್ಟಿಗಳು ಇವು, ಹುಡುಗಿಯ ಕಣ್ಣಿಗೆ ಕಾಣದವು. ಹೀಗೆ ಹೇಳಿದರೆ ಎತ್ತಿಗೆ ಬಿದ್ದ ಏಟು ಏಟಲ್ಲ ಎಂದಾಗುವುದಿಲ್ಲ. ದಾಸ್ತೊವ್ಸ್ಕಿಯೂ ಗಾಡಿಯ ಹುಡುಗನನ್ನು ಖುಲಾಸೆ ಮಾಡಲಿಲ್ಲ. ಏಟಿನ ಹಿಂದಿನ ಏಟನ್ನು ತೋರಿಸಿದ, ಅಷ್ಟೇ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸ್ವಂತ ಎತ್ತನ್ನು ಬಡಿದು ಹಿಂಸಿಸಿದರೂ, ಅತಿಯಾಗಿ ಹೇರಿದರೂ ಅಪರಾಧವೇ. ‘ನನ್ನ ಮಾಲು’ ಎನ್ನುವ ಮಿಕೋಲ್ಕನ ವಾದ ನಡೆಯುವುದಿಲ್ಲ. ಕಾಯ್ದೆ ಇದ್ದೂ ಏರಿನ ಮೇಲೆ ಏನು ನಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಆ ರಾತ್ರಿಯ ಅಳು. ನಮ್ಮ ಕಾವ್ಯಮೀಮಾಂಸಕರು ಇದನ್ನು ಸಾವಿರ ವರ್ಷದ ಹಿಂದೆಯೇ ಕಂಡಿದ್ದರು. ರಸ ಅನುಭವಕ್ಕೆ ಬಾರದಂತೆ ತಡೆಯುವ ಏಳು ವಿಘ್ನಗಳನ್ನು ಅಭಿನವಗುಪ್ತ ಹೇಳುತ್ತಾನೆ. ನೋಡುವವನು ತನ್ನ ಸ್ವಂತ ಸುಖದುಃಖದಲ್ಲಿ ಸಿಕ್ಕಿಕೊಂಡು ಪರವಶನಾಗುವುದು ಅವುಗಳಲ್ಲೊಂದು. ರಂಗದ ಮೇಲಿನ ಶೋಕ ಯಾರೊಬ್ಬರದೂ ಆಗದೆ ಎಲ್ಲರದೂ ಆದಾಗ ಅದು ಕರುಣರಸ. ಅದು ನನ್ನದೇ ಆಗಿಬಿಟ್ಟರೆ ಬರೀ ಶೋಕ. ನೀವು ಪುಸ್ತಕ ಮುಚ್ಚಿದ ಕ್ಷಣದಲ್ಲಿ ಎದುರಿಗೆ ರಷ್ಯಾದ ಕುದುರೆ ಇರಲಿಲ್ಲ, ನಿಮ್ಮ ಮನೆಯ ಎತ್ತು ಇತ್ತು. ಅಂಥ ಹೊತ್ತಿನಲ್ಲಿ ಪುಸ್ತಕ ಮುಚ್ಚಿಟ್ಟದ್ದೇ ಸರಿ. ಆದರೆ ಇದನ್ನು ಬರೀ ವಿಘ್ನ ಎಂದು ಕರೆದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಷ್ಟೋ ವರ್ಷ ಬಾಯಿಗೆ ಬಾರದೇ ಇದ್ದ ಸಂಗತಿಯೊಂದನ್ನು ನೀವು ಬರೆದು ಕಳಿಸಿದ್ದೀರಿ. ಅಭಿನವಗುಪ್ತ ಒಪ್ಪಲಿ ಬಿಡಲಿ, ಅದೂ ಓದಿನ ಫಲವೇ.

ಮುದುಕಿಯ ಕೊಲೆಗೆ ಬರೋಣ. ಅಲ್ಲಿ ನೀವು ಅಳಲಿಲ್ಲ, ಯಾಕೆಂದರೆ ಅಳುವುದಕ್ಕೆ ಲೇಖಕ ಜಾಗವನ್ನೇ ಕೊಡಲಿಲ್ಲ. ಕನಸಿನಲ್ಲಿ ನಿಮ್ಮನ್ನು ಹುಡುಗನ ಪಕ್ಕ ನಿಲ್ಲಿಸಿದವನು ಇಲ್ಲಿ ಕೊಲೆಗಾರನ ಚರ್ಮದೊಳಗೆ ತೂರಿಸಿದ್ದಾನೆ. ಕೋಟಿನ ಒಳಗೆ ಕುಣಿಕೆ ಹೊಲಿದುಕೊಂಡದ್ದು, ಕೊಡಲಿ ಎಲ್ಲಿ ಸಿಗುತ್ತದೆ ಎಂಬ ಚಿಂತೆ, ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳ, ಎಲ್ಲವೂ ಅವನ ಎದೆಬಡಿತದ ಜೊತೆ ಬರುತ್ತದೆ. ಕೊಲೆಯಾದ ಮೇಲೆ ಗಿರಾಕಿಗಳಿಬ್ಬರು ಬಂದು ಗಂಟೆ ಬಾರಿಸಿ ಬಾಗಿಲು ಜಗ್ಗುತ್ತಾರೆ. ಒಳಗೆ ಇವನು ಚಿಲಕದ ಕೊಕ್ಕೆ ಅಲ್ಲಾಡುವುದನ್ನೇ ಬಿಟ್ಟ ಕಣ್ಣಿನಿಂದ ನೋಡುತ್ತಾನೆ. ಯಾವ ಕ್ಷಣದಲ್ಲಾದರೂ ಅದು ಕಳಚಬಹುದು. ಕಳಚದಿರಲಿ ಎಂದು ನೀವೂ ಬೇಡಿಕೊಂಡಿರಿ. ನಾನೂ ಬೇಡಿಕೊಂಡಿದ್ದೇನೆ, ಕತೆ ಗೊತ್ತಿದ್ದೂ. ಕನಸಿನಲ್ಲಿ ಗಾಡಿ ಹತ್ತಿ ನಕ್ಕ ಗುಂಪನ್ನು ಕಂಡು ಉರಿದುಬಿದ್ದ ಓದುಗರು ಎರಡೇ ಅಧ್ಯಾಯದಲ್ಲಿ ತಾವೇ ಗಾಡಿ ಹತ್ತಿ ಕೂತಿರುತ್ತಾರೆ. ನಿಮಗೆ ಆದ ಕಸಿವಿಸಿ ಇದರದ್ದು.

ಆ ಅಧ್ಯಾಯವನ್ನು ಇನ್ನೊಮ್ಮೆ ಓದಿ, ಈ ಸಲ ಹಗಲು ಹೊತ್ತಿನಲ್ಲಿ. ಅವನ ಎದೆಬಡಿತ ಬಿಟ್ಟು ಮುದುಕಿಯ ಕೈ ನೋಡಿ. ಒತ್ತೆಯ ವಸ್ತು ಎಂದು ಅವನು ಮರದ ಚೂರು, ಕಬ್ಬಿಣದ ಚೂರು ಸೇರಿಸಿ ದಾರದಿಂದ ಬಿಗಿದು ಕೊಟ್ಟಿದ್ದಾನೆ. ಅವಳು ಬೆಳಕಿಗೆಂದು ಕಿಟಕಿಯ ಕಡೆ ತಿರುಗಿ ಆ ಗಂಟು ಬಿಚ್ಚುತ್ತಿದ್ದಾಳೆ. ಎಣ್ಣೆ ಹಚ್ಚಿದ ತೆಳ್ಳನೆಯ ಕೂದಲು, ಇಲಿಯ ಬಾಲದಂಥ ಜಡೆ, ಅದಕ್ಕೊಂದು ಮುರಿದ ಬಾಚಣಿಗೆ. ಪಾಪ ಎನ್ನಿಸುವ ಒಂದೇ ಒಂದು ಶಬ್ದವನ್ನು ಲೇಖಕ ಬಳಸುವುದಿಲ್ಲ. ಮುರಿದ ಬಾಚಣಿಗೆಯನ್ನು ಮಾತ್ರ ಇಟ್ಟು ಸುಮ್ಮನಾಗುತ್ತಾನೆ. ಮತ್ತೆ, ಅವಳನ್ನು ಹೊಡೆಯುವುದು ಕೊಡಲಿಯ ಹಿಂಬದಿಯಿಂದ. ಅಂದರೆ ಅಲಗು ಹೊಡೆಯುವವನ ಕಡೆ ತಿರುಗಿದೆ.

ಆಮೇಲೆ ಲಿಜಾವೆಟಾ ಬರುತ್ತಾಳೆ, ಮುದುಕಿಯ ಮಲತಂಗಿ, ಅಕ್ಕನಿಂದ ಏಟು ತಿಂದುಕೊಂಡೇ ಬದುಕಿದವಳು. ಅವಳನ್ನು ಕೊಲ್ಲುವ ಯೋಚನೆ ಅವನಿಗೆ ಇರಲೇ ಇಲ್ಲ. ಅವಳು ಮುಖಕ್ಕೆ ಕೈ ಅಡ್ಡ ಹಿಡಿಯುವುದೂ ಇಲ್ಲ. ಎಡಗೈಯನ್ನು ಸ್ವಲ್ಪ ಎತ್ತಿ, ದೂರ ಸರಿ ಎನ್ನುವಂತೆ ಮೆಲ್ಲಗೆ ಮುಂದೆ ಚಾಚುತ್ತಾಳೆ. ಆ ಎಡಗೈಯನ್ನು ನೆನಪಿಟ್ಟುಕೊಳ್ಳಿ. ಐದನೆಯ ಭಾಗದಲ್ಲಿ, ಕುಡುಕ ಮಾರ್ಮೆಲಾದೊವ್‌ನ ಮಗಳು ಸೋನ್ಯಾಳ ಮುಂದೆ ರಾಸ್ಕೋಲ್ನಿಕೋವ್ ತಪ್ಪೊಪ್ಪಿಕೊಳ್ಳುವಾಗ ಅವಳು ಅದೇ ರೀತಿ ಎಡಗೈ ಚಾಚಿ ಹಿಂದೆ ಸರಿಯುತ್ತಾಳೆ, ಅವನಿಗೆ ಸೋನ್ಯಾಳ ಮುಖದಲ್ಲಿ ಲಿಜಾವೆಟಾಳ ಮುಖ ಕಾಣುತ್ತದೆ. ಕೊಲೆಯ ದಿನ ಬಾರದ ಕಣ್ಣೀರನ್ನು ಲೇಖಕ ಅಲ್ಲಿಗೆ ಮುಂದೂಡಿ ಇಟ್ಟಿದ್ದಾನೆ. ಅಷ್ಟು ಹೊತ್ತಿಗೆ ಸೋನ್ಯಾಳ ಕೈಯಲ್ಲಿರುವ ಧರ್ಮಗ್ರಂಥ ಲಿಜಾವೆಟಾ ಕೊಟ್ಟದ್ದು ಎಂದೂ ನಿಮಗೆ ಗೊತ್ತಾಗಿರುತ್ತದೆ.

ಜಿಪುಣಿ, ಬಡ್ಡಿ ತಿನ್ನುವವಳು, ತಂಗಿಯನ್ನು ಬಡಿಯುವವಳು. ಇಂಥವಳ ಸಾವಿಗೆ ಯಾಕೆ ಅಳಬೇಕು ಎನ್ನುವ ಪ್ರಶ್ನೆ ಇದ್ದೇ ಇದೆ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಿದ್ದೀರಲ್ಲ? ಸಂಗ್ಯಾ ಏನು ಸಾಧುವೇ? ಇನ್ನೊಬ್ಬನ ಹೆಂಡತಿಗೆ ಮನಸ್ಸಿಟ್ಟವನು. ತಪ್ಪು ಅವನದೇ ಎಂದು ಗೊತ್ತಿದ್ದೂ, ಜೀವದ ಗೆಳೆಯ ಬಾಳ್ಯಾನೇ ಕೈಬಿಟ್ಟು ಅವನನ್ನು ಸಾವಿಗೆ ಒಪ್ಪಿಸುವಾಗ ಕೂತ ಮಂದಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಳ್ಳೆಯವರು ಸತ್ತರೆ ಮಾತ್ರ ಅಳುವ ಲೆಕ್ಕಾಚಾರ ನಮ್ಮ ಆಟಗಳಲ್ಲಿ ಇಲ್ಲವೇ ಇಲ್ಲ. ‘ಈ ಮುದುಕಿ ಹೇನಿಗಿಂತ ಹೆಚ್ಚಲ್ಲ’ ಎನ್ನುವ ಲೆಕ್ಕ ರಾಸ್ಕೋಲ್ನಿಕೋವ್‌ನದು. ನಾವು ಅಳದೆ ಇದ್ದಾಗ ಆ ಲೆಕ್ಕಕ್ಕೆ ಅಷ್ಟರ ಮಟ್ಟಿಗೆ ರುಜು ಹಾಕಿರುತ್ತೇವೆ.

ನಿಮ್ಮ ಊರಿನ ಕವಿಯನ್ನು ಬಿಟ್ಟು ಈ ಉತ್ತರ ಮುಗಿಸಲಾರೆ. ಹತ್ತನೆಯ ಶತಮಾನದ ರನ್ನ, ಮುಧೋಳದ ಬಳೆಗಾರರ ಮಗ, ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ಹಿಂಸೆಗೆ ಅಲ್ಲಿ ಕೊರತೆಯೇ? ನೆತ್ತರು, ಕರುಳು, ಮರುಳುಗಳ ಕುಣಿತ, ಎಲ್ಲ ಇದೆ. ಆದರೆ ಅದನ್ನು ಓದಿ ನಿದ್ದೆಗೆಟ್ಟವರು ನನಗೆ ಸಿಕ್ಕಿಲ್ಲ. ಕೊಲ್ಲುವ ಕೆಲಸ ಆಗಲೇ ಮುಗಿದಿದೆ. ಉಳಿದಿರುವುದು ಗುರುವನ್ನು, ತಮ್ಮನನ್ನು, ಗೆಳೆಯನನ್ನು, ಮಗನನ್ನು ಗುರುತಿಸಿ ಗುರುತಿಸಿ ಗೋಳಿಡುವುದು. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ದುರ್ಯೋಧನ ಕೈಮುಗಿಯುತ್ತಾನೆ. ಮೇಲಾಗಿ ಕಂದಪದ್ಯದ ನಡಿಗೆ, ವೃತ್ತದ ಗತ್ತು ನಮ್ಮನ್ನು ಒಂದು ಮಾರು ದೂರದಲ್ಲಿ ಹಿಡಿದಿರುತ್ತವೆ. ದಾಸ್ತೊವ್ಸ್ಕಿಯ ಗದ್ಯಕ್ಕೆ ಅಂಥ ಆಧಾರ ಇಲ್ಲ. ಏಟು ಈಗ ಬೀಳುತ್ತಿದೆ, ಎಣಿಸಿದಷ್ಟೂ ಬೀಳುತ್ತಿದೆ, ಯಾರೂ ಹಾಡುತ್ತಿಲ್ಲ. ರನ್ನನಲ್ಲಿ ಪಳಗಿದ ಓದುಗರಿಗೆ ಈ ಬೆತ್ತಲೆ ಹಿಂಸೆ ಹೆಚ್ಚೇ ತಾಗುತ್ತದೆ, ಅದರಲ್ಲಿ ಅಚ್ಚರಿಯಿಲ್ಲ.

ಮುಂದೆ ಏನೇನಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಎದುರಾದಾಗ ಬೆಚ್ಚಬೇಡಿ. ಎರಡನೆಯ ಭಾಗದಲ್ಲಿ ಮಾರ್ಮೆಲಾದೊವ್ ಕುದುರೆಗಾಡಿಯ ಕೆಳಗೆ ಸಿಕ್ಕು ಸಾಯುತ್ತಾನೆ. ಐದನೆಯದರಲ್ಲಿ ಅವನ ಹೆಂಡತಿ ಕತೆರಿನಾ ಮಕ್ಕಳನ್ನು ಬೀದಿಯಲ್ಲಿ ಕುಣಿಸುತ್ತ, ರಕ್ತ ಕಾರಿ ಬಿದ್ದು, ‘ಬಡಕಲು ಕುದುರೆಯನ್ನು ದುಡಿಸಿ ದುಡಿಸಿ ಕೊಂದರು’ ಎನ್ನುತ್ತ ಕಣ್ಣುಮುಚ್ಚುತ್ತಾಳೆ. ಆ ಸಾಲು ನಿಮ್ಮನ್ನು ಮತ್ತೆ ಹಿಡಿದು ಅಲ್ಲಾಡಿಸುತ್ತದೆ. ಆರನೆಯದರಲ್ಲಿ, ರಾಸ್ಕೋಲ್ನಿಕೋವ್‌ನ ತಂಗಿಯ ಬೆನ್ನು ಬಿದ್ದ ಜಮೀನ್ದಾರ ಸ್ವಿದ್ರಿಗೈಲೋವನ ಕೊನೆಯ ರಾತ್ರಿ ಇದೆ. ಅವನ ಕನಸುಗಳಲ್ಲಿ ಚಿಕ್ಕ ಹುಡುಗಿಯರು ಬರುತ್ತಾರೆ, ಈ ಕಾದಂಬರಿಯಲ್ಲಿ ಅದಕ್ಕಿಂತ ಅಸಹ್ಯವಾದದ್ದು ಇಲ್ಲ. ಬೇಕಾದರೆ ಆ ಪುಟಗಳನ್ನು ಹಾರಿಸಿ ಹೋಗಿ, ಯಾರೂ ಜುಲ್ಮಾನೆ ಹಾಕುವುದಿಲ್ಲ. ಕುದುರೆಯ ಕನಸನ್ನು ಮಾತ್ರ ಹಾರಿಸುವಂತಿಲ್ಲ, ಅದನ್ನು ನೀವು ಆಗಲೇ ದಾಟಿದ್ದೀರಿ. ಒಂದು ಚಿಕ್ಕ ಸಂಗತಿ: ಮಾಡದ ಕೊಲೆಯನ್ನು ತಾನೇ ಮಾಡಿದೆ ಎಂದು ಒಪ್ಪಿಕೊಳ್ಳುವ ಬಣ್ಣ ಬಳಿಯುವ ಹುಡುಗನ ಹೆಸರೂ ಮಿಕೋಲ್ಕ. ಇದರ ಬಗ್ಗೆ ಪಂಡಿತರು ಬಹಳ ಬರೆದಿದ್ದಾರೆ. ಕ್ರೂರಿಯ ಹೆಸರನ್ನು ಮುಗ್ಧನೊಬ್ಬನಿಗೆ ಕೊಟ್ಟು, ಹೆಸರಿನ ಮೇಲಿನ ನಮ್ಮ ಸಿಟ್ಟನ್ನು ಲೇಖಕ ಇಳಿಸುತ್ತಾನೆ ಎಂದು ನನಗನ್ನಿಸುತ್ತದೆ.

ಓದು ಬಿಟ್ಟು ಬೇರೆ ಒಂದು ಮಾತು. ಒಂದು ರಾತ್ರಿ ನಿದ್ದೆಗೆಡುವುದು ಸಹಜ. ಆದರೆ ಎತ್ತಿನ ಆ ಚಿತ್ರ ದಿನಾ ಬಂದು ಕಾಡಿ, ಊಟ ನಿದ್ದೆ ಕೆಟ್ಟು, ಶಾಲೆಯಲ್ಲಿ ಮನಸ್ಸು ನಿಲ್ಲದಂತಾದರೆ ಅದು ಸಾಹಿತ್ಯದ ಮೇಷ್ಟರ ಕೈಮೀರಿದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವೂ ಅಲ್ಲ.

ಗೆಳತಿಯ ಸಲಹೆ ಬಗ್ಗೆ ಹೇಳುವುದಾದರೆ, ಸಾರಾಂಶದಲ್ಲಿ ‘ಬಡ ವಿದ್ಯಾರ್ಥಿ ಬಡ್ಡಿ ಮುದುಕಿಯನ್ನು ಕೊಂದು ಪಶ್ಚಾತ್ತಾಪ ಪಟ್ಟ’ ಎಂದಿರುತ್ತದೆ. ಅದನ್ನು ಓದಿ ಅವಳು ಹಾಯಾಗಿ ನಿದ್ದೆ ಮಾಡಬಹುದು, ಮಾಡಲಿ. ನೀವು ಎರಡನೆಯ ಭಾಗದಿಂದ ಮುಂದುವರಿಸಿ. ನಾಲ್ಕನೆಯ ಭಾಗದಲ್ಲಿ ಸೋನ್ಯಾ ಬೈಬಲ್ಲಿನ ಲಾಜರಸನ ಕತೆ, ಸತ್ತವನು ಎದ್ದು ಬರುವ ಕತೆ, ಓದಿ ಹೇಳುವ ಪ್ರಸಂಗ ನನಗೆ ಪ್ರತಿ ಸಲವೂ ತುಸು ಎಳೆದಂತೆ ಅನ್ನಿಸುತ್ತದೆ. ವಿದ್ಯಾರ್ಥಿಗಳು ನನ್ನ ಜೊತೆ ಜಗಳ ತೆಗೆಯುವುದೂ ಅದೇ ಜಾಗದಲ್ಲಿ. ಅಲ್ಲಿಗೆ ಬಂದಾಗ ನಿಮಗೆ ಹೇಗನ್ನಿಸಿತು ಎಂದು ಬರೆಯಿರಿ.